ಮೂಗಿನ ಸ್ಪ್ಲಿಂಟ್ ಒಂದು ಕಡೆ ಎದ್ದಿದೆ, ಇವತ್ತಿಗೆ ನಾಲ್ಕನೇ ದಿನ. ಏನು ಮಾಡಲಿ?

ತುಂಗಾತೀರ | ಬುಧವಾರ, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಹೋದ ಶನಿವಾರ ಬೆಂಗಳೂರಿನಲ್ಲಿ ನನ್ನ ಮೂಗಿನ ಆಪರೇಷನ್ ಆಯ್ತು. ರೈನೋಪ್ಲಾಸ್ಟಿ. ಮೂಗಿನ ಮೇಲೆ ಮೊದಲಿಂದಲೂ ಒಂದು ಗೂನು ಇತ್ತು. ಅದನ್ನು ಇಳಿಸಿ, ಎರಡೂ ಪಕ್ಕದ ಮೂಳೆಯನ್ನು ಸ್ವಲ್ಪ ಕತ್ತರಿಸಿ ಒಳಗೆ ಸರಿಸಿದ್ದಾರೆ. ಮೇಲೆ ಕಂದು ಬಣ್ಣದ ಟೇಪ್, ಅದರ ಮೇಲೆ ಮೂಗು ಅಲ್ಲಾಡದ ಹಾಗೆ ಹಿಡಿಯುವ ಬಿಳಿ ಪ್ಲಾಸ್ಟಿಕ್ ಕವಚ, ಅಂದ್ರೆ ಸ್ಪ್ಲಿಂಟ್ ಇದೆ. ಬರುವ ಶನಿವಾರ ತೆಗೆಯುತ್ತಾರೆ.

ಊರು ಶಿವಮೊಗ್ಗ. ಈಗ ಬೆಂಗಳೂರಿನಲ್ಲಿ ಅಕ್ಕನ ಮನೆಯಲ್ಲಿದ್ದೇನೆ. ಇವತ್ತು ಬೆಳಿಗ್ಗೆ ತಲೆ ತುಂಬಾ ಅಂಟಂಟಾಗಿದೆ ಅಂತ ಅಕ್ಕ ತಲೆಗೆ ನೀರು ಹಾಕಿದಳು. ಹುಷಾರಾಗೇ ಮಾಡಿದೆವು. ಆದರೂ ಹಣೆಯಿಂದ ನೀರು ಇಳಿದು ಸ್ಪ್ಲಿಂಟ್‌ನ ಒಂದು ಅಂಚು ನೆಂದಿತು. ಮಧ್ಯಾಹ್ನದ ಹೊತ್ತಿಗೆ ಬಲಗಡೆ ಕೆಳಗಿನ ಅಂಚು ಎದ್ದಿದೆ, ಉಗುರು ತೂರುವಷ್ಟು ಸಂದು. ಮೊದಲ ಎರಡು ದಿನ ಬಿಗಿಯಾಗಿ ಹಿಡಿದುಕೊಂಡಿತ್ತು, ಈಗ ಮಾತಾಡುವಾಗ ಸ್ವಲ್ಪ ಅಲ್ಲಾಡಿದ ಹಾಗೆ ಅನಿಸುತ್ತದೆ. ಒತ್ತಿ ಮೇಲೆ ಇನ್ನೊಂದು ಟೇಪ್ ಹಾಕಲಾ? ಹೇರ್ ಡ್ರೈಯರ್ ಹಿಡಿದು ಒಣಗಿಸಲಾ? ಒಳಗೆ ತುರಿಕೆ ಅಂದ್ರೆ ತಡೆಯೋಕಾಗದ ತುರಿಕೆ.

ಇನ್ನೊಂದು ವಿಷಯ. ಮೂಗು ಪೂರ್ತಿ ಕಟ್ಟಿದೆ, ಬಾಯಲ್ಲೇ ಉಸಿರಾಡುತ್ತಿದ್ದೇನೆ. ಅಮ್ಮ ದಿನಕ್ಕೆ ಮೂರು ಸಲ ಫೋನ್ ಮಾಡಿ ಹಬೆ ತಗೋ, ಕೊಬ್ಬರಿ ಎಣ್ಣೆ ಹಚ್ಚು, ಅರಿಶಿನ ಹಾಕು ಅನ್ನುತ್ತಾರೆ. ಡಿಸ್ಚಾರ್ಜ್ ಚೀಟಿಯಲ್ಲಿ ನಾಲ್ಕೇ ಸಾಲು ಬರೆದಿದ್ದಾರೆ. ಇಷ್ಟು ಸಣ್ಣದಕ್ಕೆ ಡಾಕ್ಟರಿಗೆ ಫೋನ್ ಮಾಡೋಕೆ ಮುಜುಗರ. ನಿಜ ಹೇಳ್ತೀನಿ, ಭಯ ಆಗ್ತಿದೆ. ಒಂದು ವರ್ಷ ದುಡ್ಡು ಕೂಡಿಸಿ ಮಾಡಿಸಿಕೊಂಡಿದ್ದು. ಈಗ ನನ್ನ ಕೈಯಾರೆ ಕೆಡಿಸಿಕೊಂಡೆನಾ ಅಂತ ಬೆಳಗಿನಿಂದ ಅಳು ಬರ್ತಿದೆ.

---

ಹುಬ್ಬಳ್ಳಿ_ಹುಡುಗ | ಬುಧವಾರ, ರಾತ್ರಿ 10.15

ಮೊದಲು ಅಳೋದು ನಿಲ್ಲಿಸ್ರಿ, ಅತ್ತರೆ ಮೂಗು ಇನ್ನೂ ಕಟ್ಟುತ್ತದೆ. ನೀವು ಏನೂ ಕೆಡಿಸಿಲ್ಲ.

ನನಗೆ ಮೂರು ವರ್ಷದ ಹಿಂದೆ ಆಯ್ತು. ಕ್ರಿಕೆಟ್ ಬಾಲ್ ಬಡಿದು ಮೂಗು ಸೊಟ್ಟ ಆಗಿತ್ತು, ಒಳಗಿನ ನಡುಗೋಡೆಯೂ ಬಾಗಿತ್ತು. ಎರಡನ್ನೂ ಒಟ್ಟಿಗೆ ಸರಿ ಮಾಡಿದರು. ಹೊರಗೆ ನಿಮ್ಮ ಹಾಗೇ ಸ್ಪ್ಲಿಂಟ್, ಒಳಗೆ ಎರಡೂ ಹೊಳ್ಳೆಯಲ್ಲಿ ಸಿಲಿಕೋನ್ ಪಟ್ಟಿ, ಅದನ್ನು ನಡುಗೋಡೆಗೆ ಹೊಲಿದಿದ್ದರು.

ಐದನೇ ದಿನಕ್ಕೆ ನನ್ನ ಸ್ಪ್ಲಿಂಟೂ ಸಡಿಲ ಆಗಿತ್ತು, ನೀರು ತಾಗದೇನೇ. ಕಾರಣ ಕೇಳಿದಾಗ ಡಾಕ್ಟರ್ ಹೇಳಿದ್ದು ಇಷ್ಟು: ಆಪರೇಷನ್ ಆದ ತಕ್ಷಣ ಆಗಿನ ಮೂಗಿನ ಅಳತೆಗೆ ಸ್ಪ್ಲಿಂಟ್ ಒತ್ತಿ ಕೂರಿಸುತ್ತಾರೆ, ಎರಡು ಮೂರು ದಿನ ಬಾವು ಏರುತ್ತದೆ, ಆಗ ಬಿಗಿ ಅನಿಸುತ್ತದೆ, ಆಮೇಲೆ ಬಾವು ಇಳಿದಾಗ ಅದೇ ಸ್ಪ್ಲಿಂಟ್ ಸಡಿಲ ಅನಿಸುತ್ತದೆ. ಜೊತೆಗೆ ಚರ್ಮದ ಜಿಡ್ಡಿಗೆ ಟೇಪಿನ ಅಂಟೂ ಬಿಡುತ್ತದೆ. ಹಂಗಂತ ಸುಮ್ನೆ ಬಿಡಿ ಅಂತಲ್ಲ, ಫೋನ್ ಮಾಡಲೇಬೇಕು. ನಾನು ಮುಜುಗರಪಟ್ಟು ಒಂದು ರಾತ್ರಿ ಪೂರ್ತಿ ನಿದ್ದೆಗೆಟ್ಟೆ. ಮರುದಿನ ಹೋದರೆ ಐದು ನಿಮಿಷದಲ್ಲಿ ಹೊಸ ಟೇಪ್ ಹಾಕಿ ಕಳಿಸಿದರು, ದುಡ್ಡೂ ತಗೊಳ್ಳಲಿಲ್ಲ.

ಒತ್ತಬೇಡಿ. ಇದೊಂದನ್ನು ದಯವಿಟ್ಟು ಕೇಳಿ. ಕೆಳಗೆ ಕತ್ತರಿಸಿದ ಮೂಳೆ ಇದೆ, ಅದು ಈಗಷ್ಟೇ ಕೂರುತ್ತಿದೆ.

ಮಲಗುವುದಕ್ಕೆ ಎರಡು ಮೂರು ದಿಂಬು ಹಾಕಿ, ತಲೆ ಎದೆಗಿಂತ ಎತ್ತರ ಇರಲಿ. ನಿದ್ದೆಯಲ್ಲಿ ಮಗ್ಗುಲಾಗದ ಹಾಗೆ ಎರಡೂ ಪಕ್ಕ ಟವೆಲ್ ಸುತ್ತಿ ಇಟ್ಟುಕೊಳ್ಳಿ. ಅಂಗಿ ಮುಂದೆ ಗುಂಡಿ ಇರುವುದೇ ಹಾಕಿ. ತಲೆ ಮೇಲಿಂದ ಎಳೆದು ಹಾಕುವ ಟಾಪ್, ಟೀ ಶರ್ಟ್ ಬೇಡವೇ ಬೇಡ. ನಾನು ಮೂರನೇ ದಿನ ಬನಿಯನ್ ತೆಗೆಯುವಾಗ ಸ್ಪ್ಲಿಂಟಿಗೆ ಸಿಕ್ಕಿಸಿಕೊಂಡೆ, ಆ ನೋವು ಈಗಲೂ ನೆನಪಿದೆ. ಕ್ಲಿನಿಕ್ಕಿಗೆ ಬೈಕ್ ಮೇಲೆ ಹೋಗಬೇಡಿ, ಹೆಲ್ಮೆಟ್ ಮೂಗಿಗೆ ಒರಸುತ್ತದೆ, ಹೆಲ್ಮೆಟ್ ಇಲ್ಲದೆ ಹೋಗುವ ಮಾತೇ ಇಲ್ಲ. ಆಟೋಗಿಂತ ಕಾರು ಒಳ್ಳೆಯದು, ಬೆಂಗಳೂರಿನ ಹಂಪುಗಳು ಗೊತ್ತಲ್ಲ.

---

ನೈಟ್_ಡ್ಯೂಟಿ | ಗುರುವಾರ, ಬೆಳಿಗ್ಗೆ 6.50

ರಾತ್ರಿ ಪಾಳಿ ಮುಗಿಸಿ ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ. ಇಎನ್‌ಟಿ ವಾರ್ಡಿನಲ್ಲಿ 11 ವರ್ಷದಿಂದ ನರ್ಸ್. ನಿಮ್ಮ ಡಾಕ್ಟರ್ ಹೇಳಿದ್ದಕ್ಕೂ ನಾನು ಹೇಳುವುದಕ್ಕೂ ವ್ಯತ್ಯಾಸ ಬಂದರೆ ಅವರು ಹೇಳಿದ್ದನ್ನೇ ಕೇಳಿ. ನಿಮ್ಮ ಮೂಗಿನ ಒಳಗೆ ಏನು ಮಾಡಿದ್ದಾರೆ ಅಂತ ಗೊತ್ತಿರುವುದು ಅವರಿಗೆ.

ತಂಗಿ, ಹೇರ್ ಡ್ರೈಯರ್ ಹಿಡಿದಿಲ್ಲ ತಾನೆ? ಹಿಡಿಯಬೇಡ. ಆ ಬಿಳಿ ಪ್ಲಾಸ್ಟಿಕ್ ಬಿಸಿಗೆ ಮೆತ್ತಗಾಗುವಂಥದ್ದು. ಆಪರೇಷನ್ ಥಿಯೇಟರಿನಲ್ಲಿ ಅದನ್ನು ಬಿಸಿ ನೀರಿನಲ್ಲಿ ಅದ್ದಿ, ಮೆತ್ತಗಾದ ಮೇಲೆ ಮೂಗಿನ ಮೇಲಿಟ್ಟು ಒತ್ತುತ್ತಾರೆ, ಆರಿದಾಗ ಅದೇ ಆಕಾರಕ್ಕೆ ಗಟ್ಟಿಯಾಗುತ್ತದೆ. ಹಾಗಾಗಿ ಬಿಸಿ ಗಾಳಿ ಕೂಡದು, ಒಲೆ ಮುಂದೆ ಬಗ್ಗಿ ನಿಲ್ಲುವುದೂ ಕೂಡದು. ನೆಂದ ಅಂಚನ್ನು ಒಣ ಬಟ್ಟೆಯಿಂದ ಸುಮ್ನೆ ಮೃದುವಾಗಿ ತಟ್ಟು, ಉಜ್ಜಬೇಡ. ಫ್ಯಾನ್ ಕೆಳಗೆ ಕೂತರೆ ತಾನಾಗೇ ಒಣಗುತ್ತದೆ. ಕೆಲವು ಕಡೆ ಅಲ್ಯೂಮಿನಿಯಂ ಅಥವಾ ಪ್ಲಾಸ್ಟರ್ ಆಫ್ ಪ್ಯಾರಿಸ್ ಹಾಕುತ್ತಾರೆ. ಪ್ಲಾಸ್ಟರ್ ಆಗಿದ್ದರೆ ನೀರಿಗೆ ಇನ್ನೂ ಬೇಗ ಹಾಳಾಗುತ್ತಿತ್ತು.

ಈ ಸ್ಪ್ಲಿಂಟ್ ಯಾಕೆ ಹಾಕುತ್ತಾರೆ ಅಂತ ಗೊತ್ತಾದರೆ ಏನು ಮಾಡಬೇಕು, ಏನು ಬಿಡಬೇಕು ಅಂತ ನಿನಗೇ ಹೊಳೆಯುತ್ತದೆ. ಚರ್ಮವನ್ನು ಮೂಳೆಯಿಂದ ಬಿಡಿಸಿ ಕೆಲಸ ಮಾಡಿರುತ್ತಾರೆ. ಮತ್ತೆ ಆ ಚರ್ಮ ಮೂಳೆಗೆ ಅಂಟಿ ಕೂರಬೇಕು, ನಡುವೆ ರಕ್ತ ನೀರು ತುಂಬಬಾರದು, ಸರಿಸಿದ ಮೂಳೆ ಜಾಗ ಬಿಡಬಾರದು, ಹೊರಗಿನ ಪೆಟ್ಟು ತಾಗಬಾರದು. ಸುಮಾರು ಒಂದು ವಾರ ಆ ಕಾವಲು ಬೇಕು. ನಿನ್ನದು ಅರ್ಧಕ್ಕಿಂತ ಹೆಚ್ಚು ದಾಟಿದೆ. ಒಂದು ಅಂಚು ಎದ್ದರೆ ಮೂಗೇನೂ ಕುಸಿದು ಬೀಳುವುದಿಲ್ಲ. ಆದರೆ ಮನೆಯಲ್ಲಿ ನೀನೇ ಟೇಪ್ ಸುತ್ತಿದರೆ ಎಷ್ಟು ಬಿಗಿ ಅಂತ ಅಂದಾಜು ಸಿಗುವುದಿಲ್ಲ, ಸೊಟ್ಟ ಕೂತರೆ ಒಂದೇ ಕಡೆ ಒತ್ತಿ ಚರ್ಮಕ್ಕೆ ಗಾಯ ಆಗಬಹುದು. ಎದ್ದಿರುವ ಅಂಚಿನ ಫೋಟೋ ತೆಗೆದು ಕ್ಲಿನಿಕ್ ನಂಬರಿಗೆ ವಾಟ್ಸಾಪ್ ಮಾಡು, ಹತ್ತು ಗಂಟೆಗೆ ಫೋನ್ ಮಾಡು. ಪೂರ್ತಿ ಕಳಚಿ ಬಿದ್ದರೂ ವಾಪಸ್ ಕೂರಿಸೋಕೆ ಹೋಗಬೇಡ. ಬಿದ್ದದ್ದನ್ನು ಚೀಲದಲ್ಲಿ ಹಾಕಿಕೊಂಡು ಅವತ್ತೇ ಹೋಗು.

ತುರಿಕೆಗೆ ಪೆನ್ಸಿಲ್, ಹೇರ್‌ಪಿನ್, ಬಾಚಣಿಗೆ ಹಲ್ಲು ತೂರಿಸುವವರನ್ನು ನೋಡಿದ್ದೇನೆ. ಚರ್ಮ ಈಗ ಮರಗಟ್ಟಿದೆ, ಗೀರಿದರೂ ಗೊತ್ತಾಗುವುದಿಲ್ಲ, ಅಲ್ಲಿಂದ ಕೀವು ಶುರು. ತುರಿಕೆ ಜಾಸ್ತಿ ಆದಾಗ ಹಣೆ, ಕೆನ್ನೆ ಮೇಲೆ ತಣ್ಣನೆ ಬಟ್ಟೆ ಇಟ್ಟುಕೋ. ಆಗದಿದ್ದರೆ ಡಾಕ್ಟರನ್ನು ಕೇಳಿದರೆ ತುರಿಕೆಗೆ ಮಾತ್ರೆ ಕೊಡುತ್ತಾರೆ. ಟೇಪಿನ ಸುತ್ತ ಚರ್ಮ ಕೆಂಪಾಗಿ ಗುಳ್ಳೆ ಎದ್ದಿದ್ದರೆ ಅದು ಅಂಟಿನ ಅಲರ್ಜಿ, ಅದನ್ನು ಮಾತ್ರ ಶನಿವಾರದವರೆಗೆ ಇಟ್ಟುಕೊಂಡು ಕೂರಬೇಡ.

ಮೂಗು ಕಟ್ಟುವುದು ಸಹಜ. ಒಳಗೂ ಬಾವು ಇರುತ್ತದೆ. ಹಬೆ ಬೇಡ. ಅದರ ಬಿಸಿಗೆ ಬಾವು ಏರುತ್ತದೆ, ರಕ್ತ ಬರಬಹುದು, ಟೇಪೂ ಬಿಡುತ್ತದೆ. ಉಪ್ಪು ನೀರಿನ ಸ್ಪ್ರೇ ಬರೆದುಕೊಟ್ಟಿದ್ದರೆ ಅವರು ಹೇಳಿದಷ್ಟು ಸಲ ಹಾಕು, ತುದಿಯನ್ನು ಹೊಳ್ಳೆಯ ಬಾಯಿಗೆ ಹಿಡಿದರೆ ಸಾಕು, ಒಳಗೆ ತೂರಿಸಬೇಡ. ಸಿಂಬಳ ತೆಗೆಯೋಕೆ ಅಂತ ಮೂಗಿನಿಂದ ಜೋರಾಗಿ ಗಾಳಿ ಬಿಡಬೇಡ, ಎರಡು ವಾರವಾದರೂ. ಹೊಳ್ಳೆ ಅಂಚಿನಲ್ಲಿ ರಕ್ತ ಒಣಗಿ ಹಕ್ಕಳೆ ಕಟ್ಟಿದ್ದರೆ ಕೀಳಬೇಡ, ಮುಲಾಮು ಕೊಟ್ಟಿದ್ದರೆ ಹತ್ತಿ ಕಡ್ಡಿಯಲ್ಲಿ ಅಂಚಿಗಷ್ಟೇ ಹಚ್ಚು, ನೆನೆದು ತಾನೇ ಬರುತ್ತದೆ. ಸೀನು ಬಂದರೆ ತಡೆಯಬೇಡ, ಬಾಯಿ ತೆಗೆದು ಸೀನು.

ಈಗ ಮುಖ್ಯವಾದದ್ದು. ಕೆಳಗಿನದರಲ್ಲಿ ಒಂದು ಕಂಡರೂ ಶನಿವಾರಕ್ಕೆ ಕಾಯದೆ, ಮುಜುಗರ ಬಿಟ್ಟು ತಕ್ಷಣ ಹೋಗಬೇಕು. ನೋವು ಇಳಿಯುವ ಬದಲು ಏರುತ್ತಾ ಬಂದು ಮೂಗಿನೊಳಗೆ ಟಿಕ್ ಟಿಕ್ ಅಂತ ಬಡಿದ ಹಾಗಾದರೆ, ಒಂದು ಕಡೆ ಸಲೀಸಾಗಿದ್ದ ಹೊಳ್ಳೆಯೂ ಇದ್ದಕ್ಕಿದ್ದ ಹಾಗೆ ಪೂರ್ತಿ ಕಟ್ಟಿ ಒಳಗೆ ಏನೋ ಉಬ್ಬಿದ ಹಾಗಿದ್ದರೆ, ಅದು ನಡುಗೋಡೆಯಲ್ಲಿ ರಕ್ತ ಶೇಖರವಾದದ್ದಿರಬಹುದು. ತೆಗೆಯದೆ ಬಿಟ್ಟರೆ ಕೆಲವೇ ದಿನಗಳಲ್ಲಿ ಮೆದು ಮೂಳೆ ಕೊಳೆತು ಮೂಗು ತಗ್ಗು ಬೀಳುತ್ತದೆ. ಜ್ವರ 101 ದಾಟಿದರೆ, ಕೆಟ್ಟ ವಾಸನೆಯ ಕೀವು ಬಂದರೆ, ನೆಟ್ಟಗೆ ಕೂತರೂ ರಕ್ತ ನಿಲ್ಲದಿದ್ದರೆ, ಕಣ್ಣು ಮಂಜಾದರೆ, ಬಗ್ಗಿದಾಗ ನೀರಿನ ಹಾಗೆ ತಿಳಿಯಾಗಿ ಒಂದೇ ಸಮ ತೊಟ್ಟಿಕ್ಕಿದರೆ ಕೂಡ. ಮೂಗಿನ ಕೆಳಗಿನ ಹತ್ತಿ ಬಟ್ಟೆಗೆ ಮೊದಲ ಎರಡು ದಿನ ತೆಳು ರಕ್ತ ಅಂಟುವುದು ಇದರಲ್ಲಿ ಸೇರುವುದಿಲ್ಲ, ಅದಕ್ಕೆ ಹೆದರಬೇಡ.

ನೋವಿಗೆ ಪ್ಯಾರಾಸಿಟಮಾಲ್ ಕೊಟ್ಟಿರುತ್ತಾರೆ. ಮನೆಯಲ್ಲಿ ಇದೆ ಅಂತ ಬೇರೆ ನೋವಿನ ಮಾತ್ರೆ ನುಂಗಬೇಡ. ಆಸ್ಪಿರಿನ್, ಐಬುಪ್ರೊಫೇನ್ ಇರುವಂಥವು ರಕ್ತ ಹೆಚ್ಚು ಒಸರುವಂತೆ ಮಾಡುತ್ತವೆ.

---

ಮಗಳ_ಅಮ್ಮ | ಗುರುವಾರ, ಬೆಳಿಗ್ಗೆ 9.05

ಸಿಸ್ಟರ್ ಎಲ್ಲ ಹೇಳಿದ್ದಾರೆ, ನಾನು ಅಡುಗೆ ಮನೆ ಕಡೆಯಿಂದ ಎರಡು ಮಾತು ಸೇರಿಸುತ್ತೇನೆ. ಹೋದ ವರ್ಷ ನನ್ನ ಮಗಳಿಗೆ ಇದೇ ಆಪರೇಷನ್ ಆದಾಗ ನೋಡಿಕೊಂಡಿದ್ದು ನಾನೇ.

ಪುಟ್ಟಾ, ನಿನ್ನ ಅಕ್ಕನಿಗೆ ಹೇಳು, ಒಂದು ವಾರ ಒಣಮೆಣಸಿನಕಾಯಿ ಒಗ್ಗರಣೆ ಹಾಕುವಾಗ ನಿನ್ನ ರೂಮಿನ ಬಾಗಿಲು ಮುಚ್ಚಿರಲಿ. ನನಗೆ ಇದು ಹೊಳೆದಿರಲಿಲ್ಲ. ಎರಡನೇ ದಿನ ಸಾರಿಗೆ ಒಗ್ಗರಣೆ ಹಾಕಿದೆ, ಆ ಘಾಟಿಗೆ ಮಗಳು ಸಾಲಾಗಿ ನಾಲ್ಕು ಸಲ ಸೀನಿದಳು, ಹೊಳ್ಳೆಯಿಂದ ರಕ್ತ ಬಂತು. ನನ್ನ ಕೈಕಾಲೇ ಆಡಲಿಲ್ಲ. ಹತ್ತು ನಿಮಿಷಕ್ಕೆ ನಿಂತಿತು ಅನ್ನಿ. ಅಗರಬತ್ತಿ, ಧೂಪ, ಸೊಳ್ಳೆ ಬತ್ತಿ ಕೂಡ ಹಾಗೆಯೇ. ಕಸ ಗುಡಿಸುವಾಗಲೂ ಬೇರೆ ಕೋಣೆಯಲ್ಲಿ ಇರು.

ಊಟ ಮೆತ್ತಗಿರಲಿ. ರಾಗಿ ಅಂಬಲಿ, ಮೊಸರನ್ನ, ಬೇಳೆ ಕಟ್ಟು, ಮೆತ್ತಗೆ ಬೆಂದ ಇಡ್ಲಿ. ಚಕ್ಕುಲಿ, ಗಟ್ಟಿ ರೊಟ್ಟಿ ಕಚ್ಚಿ ಎಳೆದು ತಿನ್ನುವಾಗ ಮೇಲಿನ ತುಟಿ ಜಾಸ್ತಿ ಅಲ್ಲಾಡುತ್ತದೆ, ಆಮೇಲೆ ತಿಂದರಾಯ್ತು. ಬಾಯಲ್ಲಿ ಉಸಿರಾಡಿ ಗಂಟಲು ಒಣಗುತ್ತದೆ, ಪಕ್ಕದಲ್ಲೇ ನೀರಿನ ಚೊಂಬು ಇಟ್ಟುಕೋ. ತುಟಿಗೆ ಬೆಣ್ಣೆ ಹಚ್ಚು. ಹಣ್ಣು, ಸೊಪ್ಪು ಚೆನ್ನಾಗಿ ತಿನ್ನು, ಮಲಬದ್ಧತೆ ಆಗಿ ತಿಣುಕಿದರೆ ಮುಖಕ್ಕೆ ರಕ್ತ ನುಗ್ಗುತ್ತದೆ. ಇದನ್ನು ಯಾರೂ ಹೇಳುವುದಿಲ್ಲ, ನಾಚಿಕೆ ಅಂತ.

ತಲೆ ಸ್ನಾನಕ್ಕೆ ಬ್ಯೂಟಿ ಪಾರ್ಲರಿನಲ್ಲಿ ತೊಳೆಯುತ್ತಾರಲ್ಲ, ಹಾಗೆ ತಲೆ ಹಿಂದಕ್ಕೆ ವಾಲಿಸಿ ಕುರ್ಚಿಯಲ್ಲಿ ಕೂರಿಸಿ ನಾನು ತೊಳೆಯುತ್ತಿದ್ದೆ. ಹಣೆಗೆ ಅಡ್ಡಲಾಗಿ ಒಣ ಟವೆಲ್ ಕಟ್ಟಿ. ಬಿಸಿ ಬಿಸಿ ನೀರು ಬೇಡ, ಬಚ್ಚಲು ತುಂಬಾ ಹಬೆ ಆಗುತ್ತದೆ. ಮುಖ ತೊಳೆಯುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಕೆನ್ನೆ, ಗಲ್ಲ ಒರೆಸುವುದು ಅಷ್ಟೇ.

ಅಕ್ಕನ ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಎತ್ತಿಕೊಳ್ಳಬೇಡ ಮರಿ. ಪ್ರೀತಿಗೇ ತಲೆಯಿಂದ ಗುದ್ದುತ್ತವೆ.

---

ಆಯುರ್ವೇದ_ವಿದ್ಯಾರ್ಥಿ | ಗುರುವಾರ, ಬೆಳಿಗ್ಗೆ 11.30

ಅಮ್ಮನಿಗೆ ಏನು ಹೇಳಬೇಕು ಅಂತ ನಾನು ಹೇಳ್ತೀನಿ. ಮೂರನೇ ವರ್ಷದ ಬಿಎಎಂಎಸ್ ಓದುತ್ತಿದ್ದೇನೆ, ನಮ್ಮ ಮನೆಯಲ್ಲೂ ಇಂಥದ್ದೇ ಮಾತು ನಡೆಯುತ್ತಿರುತ್ತದೆ.

ಕತ್ತರಿಸಿ ಹೋದ ಮೂಗನ್ನು ಮತ್ತೆ ಕಟ್ಟುವ ಕ್ರಮ ಸುಶ್ರುತ ಸಂಹಿತೆಯ ಸೂತ್ರಸ್ಥಾನದ 16ನೇ ಅಧ್ಯಾಯದಲ್ಲಿದೆ. ಮೂಗಿನ ಅಳತೆಗೆ ಎಲೆ ಕತ್ತರಿಸಿ, ಅದೇ ಅಳತೆಗೆ ಕೆನ್ನೆಯ ಚರ್ಮ ಬಿಡಿಸಿ ತಂದು ಹೊಲಿಯುವುದು. ನನಗೆ ಇಷ್ಟವಾದದ್ದು ಅದರ ನಂತರದ ಮಾತು. ಹೊಲಿದ ಮೇಲೆ ಎರಡು ಕೊಳವೆಗಳನ್ನು ಹೊಳ್ಳೆಗಳಲ್ಲಿಟ್ಟು ಮೂಗನ್ನು ಎತ್ತಿ ನಿಲ್ಲಿಸಬೇಕು. ಮೇಲೆ ಬಂದಿರುವ ಹುಬ್ಬಳ್ಳಿಯವರ ಸಿಲಿಕೋನ್ ಪಟ್ಟಿ ನೆನಪಾಯ್ತು, ಅದರಲ್ಲೂ ಹಲವಕ್ಕೆ ಉಸಿರಾಡಲು ಕೊಳವೆ ಇರುತ್ತದೆ. ಮೂಗು ಕಟ್ಟಿದರೆ ಸಾಲದು, ಗಾಯ ಮಾಯುವವರೆಗೆ ಅದಕ್ಕೆ ಆಸರೆ ಬೇಕು ಅನ್ನುವುದು ಆಗಲೇ ಗೊತ್ತಿತ್ತು. 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದು ಪುಣೆಯಲ್ಲಿ ನಡೆದ ಇಂಥ ಆಪರೇಷನ್ ಬಗ್ಗೆ ಬರೆಯಿತು. ಮೂಗು ಕಳೆದುಕೊಂಡವನು ಕಾವಸ್‌ಜೀ ಅನ್ನುವ ಎತ್ತಿನ ಗಾಡಿಯವನು, ಇಂಗ್ಲಿಷರ ಸೈನ್ಯದ ಜೊತೆಗಿದ್ದವನು, 1792ರ ಯುದ್ಧದಲ್ಲಿ ಟಿಪ್ಪುವಿನ ಕಡೆಯವರ ಕೈಗೆ ಸಿಕ್ಕಿದ್ದ. ಅವನಿಗೆ ಹಣೆಯ ಚರ್ಮದಿಂದ ಮೂಗು ಕಟ್ಟಿದರು. ಅದನ್ನು ಓದಿದ ಮೇಲೆ ಯುರೋಪಿನ ಸರ್ಜನ್ನರು ಈ ಕೆಲಸ ಕಲಿಯಲು ಹೊರಟರು.

ಸುಶ್ರುತ ಬಿಳಿ ಹತ್ತಿ ಹೊದಿಸಿ ಎಳ್ಳೆಣ್ಣೆ ಚಿಮುಕಿಸು ಅಂದಿದ್ದಾನೆ, ಆದ್ದರಿಂದ ನಾನೂ ಎಣ್ಣೆ ಹಚ್ಚಲಾ ಅಂತ ಅಮ್ಮ ಕೇಳಬಹುದು. ಅದು ತೆರೆದ ಗಾಯಕ್ಕೆ ಹತ್ತಿಯ ಕಟ್ಟು. ನಿಮ್ಮದು ಅಂಟಿನ ಮೇಲೆ ನಿಂತಿರುವ ಕಟ್ಟು. ಎಣ್ಣೆ ತಾಗಿದರೆ ಅಂಟು ಬಿಡುತ್ತದೆ, ಸ್ಪ್ಲಿಂಟ್ ತೆಗೆಯುವ ದಿನ ಟೇಪ್ ಬಿಡಿಸಲು ಕೆಲವರು ಬಳಸುವುದೂ ಎಣ್ಣೆಯನ್ನೇ. ಅರಿಶಿನದ ಪುಡಿ ಹೊಲಿಗೆಯ ಒಳಗೆ ಸೇರಿಕೊಂಡರೆ ಸೋಂಕು ಆಗಿದೆಯೋ ಇಲ್ಲವೋ ಅಂತ ಬಣ್ಣ ನೋಡಿ ಹೇಳಲೂ ಆಗುವುದಿಲ್ಲ. ಕಷಾಯ, ಲೇಹ್ಯ ಏನೇ ತಗೊಳ್ಳುವುದಿದ್ದರೂ ಡಾಕ್ಟರಿಗೆ ಹೇಳಿಯೇ ತಗೊಳ್ಳಿ. ಇದನ್ನು ಆಯುರ್ವೇದದ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತಿದ್ದೇನೆ.

---

ತುಂಗಾತೀರ | ಗುರುವಾರ, ಸಂಜೆ 5.20

ಎಲ್ಲರ ಉತ್ತರವನ್ನೂ ಎರಡೆರಡು ಸಲ ಓದಿದೆ. ಸಿಸ್ಟರ್ ಹೇಳಿದ ಹಾಗೆ ಫೋಟೋ ಕಳಿಸಿದೆ. ಅರ್ಧ ಗಂಟೆಯಲ್ಲಿ ಬನ್ನಿ ಅಂದರು. ಡಾಕ್ಟರ್ ಎದ್ದಿದ್ದ ತುದಿಯ ಹಳೇ ಟೇಪನ್ನು ಕತ್ತರಿಸಿ, ಚರ್ಮ ಒರೆಸಿ, ಹಣೆಯಿಂದ ಕೆನ್ನೆಗೆ ಅಡ್ಡಲಾಗಿ ಹೊಸ ಟೇಪ್ ಹಾಕಿದರು. ಮೂಳೆ ಎಲ್ಲ ಜಾಗದಲ್ಲೇ ಇದೆ ಅಂದರು. ಮುಜುಗರ ಬೇಡ, ಇದಕ್ಕೇ ಫೋನ್ ನಂಬರ್ ಕೊಟ್ಟಿರುವುದು ಅಂತ ಅವರೇ ಹೇಳಿದಾಗ ಕಣ್ಣಲ್ಲಿ ನೀರು ಬಂತು.

ಅಮ್ಮನಿಗೆ ಸುಶ್ರುತನ ಕಥೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಸರಿ ಹಾಗಾದ್ರೆ ಮುಟ್ಟಬೇಡ ಅಂದರು. ಅಕ್ಕ ಇವತ್ತು ಒಗ್ಗರಣೆ ಇಲ್ಲದ ಸಾರು ಮಾಡಿದ್ದಾಳೆ.

ಒಂದು ಪ್ರಶ್ನೆ. ನನಗೆ ಕನ್ನಡಕ ಇದೆ. ಈಗ ಸ್ಪ್ಲಿಂಟಿನ ಮೇಲೆ ಹಗುರವಾಗಿ ಕೂರಿಸಿಕೊಳ್ಳುತ್ತಿದ್ದೇನೆ, ಡಾಕ್ಟರ್ ಸರಿ ಅಂದರು. ತೆಗೆದ ಮೇಲೆ? ತೆಗೆಯುವಾಗ ನೋವಾಗುತ್ತದಾ?

---

ಹುಬ್ಬಳ್ಳಿ_ಹುಡುಗ | ಗುರುವಾರ, ಸಂಜೆ 7.00

ಖುಷಿ ಆಯ್ತು ನೋಡ್ರಿ.

ಹೊರಗಿನದು ತೆಗೆಯುವಾಗ ನೋವು ಅನ್ನುವಂಥದ್ದಿಲ್ಲ. ಅಂಟು ಬಿಡುವಾಗ ಹಳೇ ಬ್ಯಾಂಡೇಜ್ ಕಿತ್ತ ಹಾಗೆ ಚುರುಚುರು ಅನ್ನುತ್ತದೆ. ಒಳಗಿನ ಪಟ್ಟಿ ತೆಗೆದಾಗ ಮಾತ್ರ ಕಣ್ಣಲ್ಲಿ ನೀರು ಸುರಿಯಿತು. ಹೊಲಿಗೆ ಕತ್ತರಿಸಿ ಎಳೆದರು, ತಲೆಯೊಳಗಿಂದ ಏನೋ ಜಾರಿ ಬಂದ ಹಾಗೆ. ಆದರೆ ಮುಂದಿನ ಉಸಿರು ಇದೆಯಲ್ಲ, ಎರಡೂ ಹೊಳ್ಳೆಯಿಂದ ತಣ್ಣಗೆ ಗಾಳಿ ಒಳಗೆ ಹೋಯ್ತು. ಬಾಲ್ ಬಡಿದಾಗಿನಿಂದ ಅಂಥ ಉಸಿರು ತಗೊಂಡೇ ಇರಲಿಲ್ಲ. ನಿಮಗೆ ಒಳಗೆ ಇಟ್ಟಿಲ್ಲ ಅಂದರೆ ಆ ತಾಪತ್ರಯ ಇಲ್ಲ. ತಿಂಡಿ ತಿಂದು ಹೋಗಿ, ಖಾಲಿ ಹೊಟ್ಟೆಯಲ್ಲಿ ಕೆಲವರಿಗೆ ತಲೆ ಸುತ್ತುತ್ತದೆ.

---

ನೈಟ್_ಡ್ಯೂಟಿ | ಶುಕ್ರವಾರ, ಬೆಳಿಗ್ಗೆ 7.10

ಕನ್ನಡಕದ ವಿಷಯ ಚೆನ್ನಾಗಿ ಕೇಳಿದೆ. ಸ್ಪ್ಲಿಂಟ್ ಇರುವವರೆಗೆ ಅದರ ಮೇಲೆ ಕೂರಿಸಬಹುದು, ಭಾರ ಪ್ಲಾಸ್ಟಿಕ್ ಮೇಲೆ ಬೀಳುತ್ತದೆ. ತೆಗೆದ ಮೇಲೆ ಮೂಳೆಗೆ ಆಸರೆ ಇಲ್ಲ, ಕನ್ನಡಕದ ಭಾರಕ್ಕೇ ಮೂಗಿನ ಪಕ್ಕದಲ್ಲಿ ತಗ್ಗು ಬೀಳಬಹುದು. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಮೂಗಿನ ಮೇಲೆ ಇಡಬೇಡ ಅನ್ನುತ್ತಾರೆ. ಕಾಂಟ್ಯಾಕ್ಟ್ ಲೆನ್ಸ್ ಅಭ್ಯಾಸ ಇದ್ದರೆ ಅದು, ಇಲ್ಲದಿದ್ದರೆ ಕನ್ನಡಕದ ನಡುಭಾಗವನ್ನು ಹಣೆಗೆ ಟೇಪ್ ಹಾಕಿ ಮೂಗಿಗೆ ತಾಗದ ಹಾಗೆ ತೂಗಿಬಿಡುವುದು. ಮಾಸ್ಕಿನ ಮೇಲಿನ ತಂತಿಯನ್ನೂ ಮೂಗಿಗೆ ಒತ್ತಿ ಮಡಚಬೇಡ.

ನಾಳೆ ಕನ್ನಡಿ ನೋಡುವ ಮುಂಚೆ ಇದನ್ನು ಓದಿಕೊಂಡು ಹೋಗು. ಸ್ಪ್ಲಿಂಟ್ ತೆಗೆದಾಗ ಕಾಣುವುದು ನಿನ್ನ ಕೊನೆಯ ಮೂಗಲ್ಲ. ದಪ್ಪಗಿರುತ್ತದೆ, ತುದಿ ಮೇಲಕ್ಕೆ ಎತ್ತಿದ ಹಾಗಿರುತ್ತದೆ, ಚರ್ಮ ಜಿಡ್ಡಾಗಿ ಕಪ್ಪು ಚುಕ್ಕೆ, ಮೊಡವೆ ಇರುತ್ತವೆ, ಯಾಕಂದ್ರೆ ಒಂದು ವಾರ ಗಾಳಿಯಾಡದೆ ಮುಚ್ಚಿತ್ತು. ಒತ್ತಡ ಹೋದ ಮೇಲೆ ಒಂದೆರಡು ದಿನ ಬಾವು ಇನ್ನೂ ಏರುತ್ತದೆ. ಆ ಹೊತ್ತಿನಲ್ಲಿ ಅಯ್ಯೋ ತಪ್ಪು ಮಾಡಿದೆ ಅಂತ ಅಳುವವರನ್ನು ನಾನು ಬಹಳ ನೋಡಿದ್ದೇನೆ, ಅವರೇ ಮೂರು ತಿಂಗಳ ಚೆಕಪ್‌ಗೆ ನಗುತ್ತಾ ಬರುತ್ತಾರೆ. ಹೆಚ್ಚಿನ ಬಾವು ಕೆಲವು ವಾರದಲ್ಲಿ ಇಳಿಯುತ್ತದೆ. ತುದಿ ಪೂರ್ತಿ ತಿಳಿಯಾಗಲು ಒಂದು ವರ್ಷ, ಚರ್ಮ ದಪ್ಪ ಇದ್ದರೆ ಅದಕ್ಕೂ ಜಾಸ್ತಿ. ತುದಿ ಮತ್ತು ಮೇಲಿನ ಮುಂದಿನ ಹಲ್ಲುಗಳು ಮರಗಟ್ಟಿದ ಹಾಗಿದ್ದರೆ ಅದೂ ನಿಧಾನವಾಗಿ ಸರಿಹೋಗುತ್ತದೆ.

ಬಿಸಿಲಿಗೆ ಟೋಪಿ, ಕೊಡೆ ಇರಲಿ. ಮೂಗುತಿಯ ಆಸೆ ಇದ್ದರೆ ಡಾಕ್ಟರ್ ಒಪ್ಪುವವರೆಗೆ ಚುಚ್ಚಿಸಬೇಡ.

---

ತುಂಗಾತೀರ | ಶನಿವಾರ, ಮಧ್ಯಾಹ್ನ 1.15

ತೆಗೆದರು. ಐದು ನಿಮಿಷ ಕೂಡ ಆಗಲಿಲ್ಲ. ಇಡ್ಲಿ ತಿಂದು ಹೋಗಿದ್ದೆ, ತಲೆ ಸುತ್ತಲಿಲ್ಲ. ಸಿಸ್ಟರ್ ಹೇಳಿದ್ದು ಒಂದೊಂದೂ ಹಾಗೇ ಇದೆ, ದಪ್ಪ ಮೂಗು, ಎತ್ತಿದ ತುದಿ, ಜಿಡ್ಡು. ಮೊದಲೇ ಓದಿಕೊಂಡು ಹೋಗದಿದ್ದರೆ ಖಂಡಿತ ಅತ್ತುಬಿಡುತ್ತಿದ್ದೆ. ಪಕ್ಕದಿಂದ ನೋಡಿದಾಗ ಮಾತ್ರ ಗೂನು ಇಲ್ಲ. ನೇರ ಗೆರೆ. ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ, ಅಕ್ಕ ಬಂದು ಕನ್ನಡಿ ತೆಗೆದಿಟ್ಟಳು.

ಇನ್ನು ಎರಡು ವಾರ ರಾತ್ರಿ ಮಾತ್ರ ಟೇಪ್ ಹಾಕಿ ಮಲಗಬೇಕಂತೆ. ಹೇಗೆ ಹಾಕುವುದು ಅಂತ ನರ್ಸ್ ನನ್ನ ಕೈಯಲ್ಲೇ ಒಂದು ಸಲ ಮಾಡಿಸಿದರು. ಸೋಮವಾರ ಜನಶತಾಬ್ದಿಗೆ ಊರಿಗೆ ಹೋಗುತ್ತಿದ್ದೇನೆ, ಡಾಕ್ಟರ್ ಸರಿ ಅಂದರು. ಕಿಟಕಿ ಪಕ್ಕದ ಸೀಟು ಸಿಕ್ಕಿದೆ, ಒಂದು ಕಡೆಯಿಂದಲಾದರೂ ಯಾರ ಮೊಣಕೈಯೂ ತಾಗುವುದಿಲ್ಲ.